ಕಾರ್ಡಿದೆ, ಡಾಕ್ಟ್ರು ಎಲ್ಲಿ?

ಜರ್ಮನಿಗೆ ಹೊರಟ ಗೆಳೆಯರು ಮೇಲ್ ಮಾಡಿ ಕೇಳೋ ಪ್ರಶ್ನೆಗಳು ನನಗೀಗ ಬಾಯಿಪಾಠ. ಬಾಡಿಗೆ ಮನೆ ಸಿಗುತ್ತಾ? ಸೋನಾಮಸೂರಿ ಸಿಗುತ್ತಾ? ಕುಕ್ಕರ್ ತರಬೇಕಾ? ಚಳಿ ಜಾಕೆಟ್ಟು ಬೆಂಗಳೂರಲ್ಲೇ ತೊಗೊಂಡು ಬರೋದಾ, ಅಲ್ಲಿಗೆ ಬಂದು ತೊಗೊಳೋದಾ? ಒಬ್ಬರಂತೂ ಅವರ ಮನೆ ಇಡ್ಲಿ ಪಾತ್ರೆ ಇಲ್ಲಿನ ಇಂಡಕ್ಷನ್ ಒಲೆ ಮೇಲೆ ಕೂರುತ್ತಾ ಅಂತ ಫೋಟೋ ಸಮೇತ ಕೇಳಿದ್ದರು :) ಎಲ್ಲಕ್ಕೂ ನನ್ನ ಹತ್ರ ಉತ್ತರ ಇದೆ. ಆದರೆ "ಅಲ್ಲಿ ಡಾಕ್ಟ್ರು ಸಿಗ್ತಾರಾ?" ಅಂತ ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ. ಇದೇನು ಕೇಳೋ ಪ್ರಶ್ನೆನಾ, ಜರ್ಮನಿ ಅಲ್ವಾ, ಇನ್ಶೂರೆನ್ಸ್ ಇರುತ್ತಲ್ಲ ಅಂತ ಎಲ್ಲರ ಲೆಕ್ಕ.

ಹಾಗಾಗಿ ಯಾರೂ ಕೇಳದ ಈ ಪ್ರಶ್ನೆಗೆ ನಾನೇ ಉತ್ತರ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಇಟ್ಕೊಂಡು ಓದಿ.

ಮೊದಲು ನಮ್ಮ ಮನೆ ವಿಷಯ. ನಾನಿರೋದು ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್‌ನಲ್ಲಿ. 2025ರ ಏಪ್ರಿಲ್‌ನಲ್ಲಿ ನಾನು ಬಂದೆ, ವೀಸಾ ಆದ ಮೇಲೆ ಜುಲೈ ಒಂದನೇ ತಾರೀಖು ನನ್ನಾಕೆ ಬಂದಳು. ಅವಳ ಸೂಟ್‌ಕೇಸಿನಲ್ಲಿ ಸಾರಿನಪುಡಿ, ಹುಣಸೆಹಣ್ಣು, ಚಟ್ನಿಪುಡಿಗಳ ಮಧ್ಯೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಡಬ್ಬಿ ಇತ್ತು. ಥೈರಾಯ್ಡ್ ಮಾತ್ರೆ, 50 ಮೈಕ್ರೋಗ್ರಾಂನದು. ಸೀಲು ಒಡೆಯದ ಡಬ್ಬಿ, ಒಳಗೆ ನೂರು ಮಾತ್ರೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು.

ಆ ಡಬ್ಬಿಯ ಹಿಂದೆ ಒಂದು ಕಥೆ ಇದೆ. ಬರೆಯೋದೋ ಬೇಡವೋ ಅಂತ ಅವಳನ್ನೇ ಕೇಳಿದೆ. "ಬರಿ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದಳು. 2024ರ ಕೊನೆಯಲ್ಲಿ ಬೆಂಗಳೂರಲ್ಲಿದ್ದಾಗ ಅವಳು ಗರ್ಭಿಣಿಯಾಗಿದ್ದಳು. ಎರಡು ತಿಂಗಳು ತುಂಬಿ ಸ್ವಲ್ಪ ದಿನಕ್ಕೆ ನಿಂತುಹೋಯಿತು. ಆಮೇಲೆ ಮಾಡಿದ ರಕ್ತಪರೀಕ್ಷೆಗಳಲ್ಲಿ ಥೈರಾಯ್ಡ್ ಕಡಿಮೆ ಕೆಲಸ ಮಾಡ್ತಾ ಇದೆ ಅಂತ ಗೊತ್ತಾಯಿತು. ಅದೇ ಕಾರಣವೋ ಅಲ್ಲವೋ ಅಂತ ಯಾವ ಡಾಕ್ಟ್ರೂ ಖಡಾಖಂಡಿತವಾಗಿ ಹೇಳಲಿಲ್ಲ. ಮಾತ್ರೆ ಬಿಡಬೇಡಿ, ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಇರಿ, ಮುಂದಿನ ಸಲಕ್ಕೆ ಮೊದಲು ಎಲ್ಲಾ ಸರಿ ಇದೆಯಾ ನೋಡ್ಕೊಳ್ಳಿ ಅಂದರು, ಅಷ್ಟೇ. ಹಾಗಾಗಿ ಆ ನೂರು ಮಾತ್ರೆ ನಮ್ಮ ಮನೆಯ ಕ್ಯಾಲೆಂಡರ್ ಆಗಿಬಿಟ್ಟಿತ್ತು. ಜುಲೈ ಒಂದಕ್ಕೆ ಶುರು ಮಾಡಿದರೆ ಅಕ್ಟೋಬರ್ ಎಂಟಕ್ಕೆ ಖಾಲಿ. ಅಷ್ಟರಲ್ಲಿ ಇಲ್ಲೊಬ್ಬರು ಡಾಕ್ಟ್ರು ಬೇಕು.

ಆಗಸ್ಟಿನಲ್ಲಿ ಅವಳ ಇನ್ಶೂರೆನ್ಸ್ ಕಾರ್ಡು ಪೋಸ್ಟಿನಲ್ಲಿ ಬಂತು, ಫೋಟೋ, ಚಿಪ್ಪು ಎಲ್ಲಾ ಇರೋ ಕಾರ್ಡು. ಅವಳಿಗಿನ್ನೂ ಇಲ್ಲಿ ಕೆಲಸ ಇಲ್ಲದ್ದರಿಂದ ನನ್ನ ಇನ್ಶೂರೆನ್ಸಿನ ಕೆಳಗೇ ಅವಳನ್ನೂ ಸೇರಿಸಿಕೊಂಡರು, ಒಂದು ಸೆಂಟು ಜಾಸ್ತಿ ಕೇಳಲಿಲ್ಲ. "ಇದನ್ನ ತೋರಿಸಿದ್ರೆ ಆಯ್ತಾ?" ಅಂದಳು. "ಆಯ್ತು" ಅಂದೆ.

ಈ ಕಾರ್ಡಿನ ವಿಷಯ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನ ರಾಮಾಯಣ ಅರ್ಥ ಆಗಲ್ಲ. ನಾವು ಬಾಯಿಮಾತಿಗೆ ಸರ್ಕಾರಿ ಇನ್ಶೂರೆನ್ಸ್ ಅಂತೀವಿ. ಸರಿಯಾಗಿ ಹೇಳಬೇಕಂದ್ರೆ ಇದು ಕಾನೂನು ಕಡ್ಡಾಯ ಮಾಡಿರೋ ಇನ್ಶೂರೆನ್ಸು. ನಡೆಸೋದು ಸರ್ಕಾರದ ಇಲಾಖೆ ಅಲ್ಲ, ಕ್ರಾಂಕೆನ್‌ಕಾಸೆ ಅಂತ ಕರೆಯೋ ಸಂಸ್ಥೆಗಳು. ಈಗ ಇಂಥವು ತೊಂಬತ್ತರ ಮೇಲಿವೆ. ಕಾಸೆ ಅಂದರೆ ದುಡ್ಡಿನ ಪೆಟ್ಟಿಗೆ. ನಮ್ಮ ಕಾಸು ಅಲ್ಲಿಗೆ ಹೋಗೋದ್ರಿಂದ ಹೆಸರು ನೆನಪಿಟ್ಟುಕೊಳ್ಳೋದು ಸುಲಭ :) 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಖಾನೆ ಕಾರ್ಮಿಕರಿಗಾಗಿ ಶುರುವಾದದ್ದು ಇದು. ಇವತ್ತು ಇಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಇದರೊಳಗೇ ಇದ್ದಾರೆ. ಸಂಬಳದಿಂದ 14.6 ಪರ್ಸೆಂಟು, ಅದರ ಮೇಲೆ ಒಂದೊಂದು ಕಾಸೆಗೆ ಒಂದೊಂದು ರೇಟಿನ ಹೆಚ್ಚುವರಿ. ಎರಡರಲ್ಲೂ ಅರ್ಧ ನಮ್ಮದು, ಅರ್ಧ ಕಂಪನಿಯದು. ಜಾಸ್ತಿ ಸಂಬಳ ಇರೋರು ಬೇಕಿದ್ರೆ ಇದರಿಂದ ಹೊರಗೆ ಹೋಗಿ ಪ್ರೈವೇಟ್ ಇನ್ಶೂರೆನ್ಸ್ ಮಾಡಿಸಬಹುದು.

ಡಾಕ್ಟರ ಬಾಗಿಲಲ್ಲಿ ಹೆಸರಿನ ಫಲಕ ಇರುತ್ತಲ್ಲ, ಅದರ ಕೆಳಗೆ ಎರಡು ಮಾತಲ್ಲಿ ಒಂದು ಇರುತ್ತೆ. "ಆಲೆ ಕಾಸೆನ್" ಅಂತಿದ್ದರೆ ಎಲ್ಲಾ ಕಾಸೆಯವರೂ ಬರಬಹುದು. "ಪ್ರಿವಾಟ್‌ಪ್ರಾಕ್ಸಿಸ್" ಅಂತಿದ್ದರೆ ಪ್ರೈವೇಟ್ ಇನ್ಶೂರೆನ್ಸಿನವರು, ಇಲ್ಲಾ ಕೈಯಿಂದ ದುಡ್ಡು ಕೊಡೋರು ಮಾತ್ರ. ನಮ್ಮ ಕಾರ್ಡು ಮೊದಲನೇ ಬಾಗಿಲಿಗೆ. ಆ ಬಾಗಿಲುಗಳೇ ಹೆಚ್ಚು. ಯಾವ ಡಾಕ್ಟರ ಹತ್ರ ಬೇಕಾದ್ರೂ ಹೋಗಬಹುದು ಅಂತ ಕಾನೂನಿನಲ್ಲೇ ಬರೆದಿದೆ.

ಇನ್ನೇನು ಬೇಕು? ಫ್ಯಾಮಿಲಿ ಡಾಕ್ಟ್ರಿಗೆ ಇಲ್ಲಿ ಹೌಸ್‌ಆರ್ಟ್ಸ್ಟ್ ಅಂತಾರೆ. ನಾನು ಮೊದಲ ಸಲ ಹೇಳಿದಾಗ ನನ್ನಾಕೆ "ಹೌಸ್ ಆರ್ಟಿಸ್ಟಾ? ಅದು ನಾನೇ ಅಲ್ವೇನೋ" ಅಂದಳು. ನೆಗಡಿ, ಜ್ವರ, ಬಿಪಿ, ಶುಗರ್, ಥೈರಾಯ್ಡ್, ಆಫೀಸಿಗೆ ಕೊಡೋ ಸಿಕ್ ಲೀವ್ ಚೀಟಿ, ದೊಡ್ಡ ಡಾಕ್ಟ್ರಿಗೆ ಕಳಿಸೋ ಪತ್ರ, ಎಲ್ಲಾ ಇವರ ಕೈಯಲ್ಲೇ.

ಸರಿ, ಶನಿವಾರ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದೆ. (ಇಂಜಿನಿಯರ್ ಅಲ್ವಾ, ಎಕ್ಸೆಲ್ ಇಲ್ಲದೆ ನೆಗಡಿನೂ ಬರಲ್ಲ.) ಮನೆಯಿಂದ ಬಸ್ಸಲ್ಲಿ ಹೋಗಬಹುದಾದ ದೂರದಲ್ಲಿ "ಆಲೆ ಕಾಸೆನ್" ಅಂತಿರೋ ಹದಿನೇಳು ಕ್ಲಿನಿಕ್ ಸಿಕ್ಕವು. ಸೋಮವಾರ ಬೆಳಿಗ್ಗೆಯಿಂದ ಫೋನು. ನನ್ನ ಜರ್ಮನ್ ಆಗ ಬೇಕರಿಯಲ್ಲಿ ಬ್ರೆಡ್ಡು ಕೇಳೋ ಮಟ್ಟದ್ದು. ಹೇಳಬೇಕಾದ್ದನ್ನೆಲ್ಲಾ ಚೀಟಿಯಲ್ಲಿ ಬರೆದುಕೊಂಡು, ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ನಂಬರ್ ಒತ್ತುತ್ತಿದ್ದೆ. ನನ್ನ ಸಾಲು ಮುಗಿಯೋದಕ್ಕೆ ಮೊದಲೇ ಆ ಕಡೆಯಿಂದ ಉತ್ತರ ಬರ್ತಿತ್ತು: "ಕೈನೆ ನೊಯೆನ್ ಪಾಟ್ಸಿಯೆಂಟೆನ್." ಹೊಸ ಪೇಷೆಂಟುಗಳನ್ನ ತೊಗೊಳಲ್ಲ ಅಂತ. ಕೈನೆ ಅಂದರೆ ಇಲ್ಲ. ನಾಲ್ಕನೇ ಫೋನಿನ ಹೊತ್ತಿಗೆ ನನ್ನಾಕೆಗೂ ಅರ್ಥ ಆಗಿತ್ತು. ಫೋನ್ ಇಟ್ಟ ತಕ್ಷಣ "ಇವರೂ ಕೈನೇ ಮುಗಿದ್ರಾ?" ಅನ್ನೋಳು.

ಹದಿನೇಳರಲ್ಲಿ ಹನ್ನೊಂದು ಕಡೆ ಕೈನೆ. ಮೂರು ಕಡೆ ಮೆಷಿನ್ನು ಮಾತಾಡಿತು. ಎರಡು ಕಡೆ ಡಾಕ್ಟ್ರು ರಜಾದಲ್ಲಿದ್ದರು, ಆಗಸ್ಟು ಇಲ್ಲಿ ಎಲ್ಲರಿಗೂ ರಜೆ ಕಾಲ. ಉಳಿದ ಒಂದು ಕಡೆ ರಿಸೆಪ್ಷನ್ನಿನಾಕೆ ನನ್ನ ಚೀಟಿಯನ್ನ ಪೂರ್ತಿ ಓದೋಕೆ ಬಿಟ್ಟು, ಕೊನೆಗೊಂದು ಪ್ರಶ್ನೆ ಕೇಳಿದಳು: "ಗೆಸೆಟ್ಸ್ಲಿಖ್ ಓಡರ್ ಪ್ರಿವಾಟ್?" ಕಾನೂನಿನ ಇನ್ಶೂರೆನ್ಸಾ, ಪ್ರೈವೇಟಾ? ಗೆಸೆಟ್ಸ್ಲಿಖ್ ಅಂದೆ. ಒಂದು ನಿಮಿಷ ಮೌನ. ಫೆಬ್ರವರಿಯಲ್ಲಿ ಒಂದು ಸಲ ಫೋನ್ ಮಾಡಿ ನೋಡಿ ಅಂದಳು. ಪ್ರೈವೇಟ್ ಅಂದಿದ್ದರೆ? ಅಂತ ಸುಮ್ಮನೆ ಕೇಳಿದೆ. ಗುರುವಾರ ಬನ್ನಿ ಅಂತಿದ್ದೆ ಅಂದಳು, ಯಾವ ಮುಜುಗರನೂ ಇಲ್ಲದೆ.

ನಿಜ ಹೇಳ್ತೀನಿ, ಮೈ ಉರಿದುಹೋಯ್ತು. ತಿಂಗಳು ತಿಂಗಳು ಸಂಬಳದಿಂದ ಅಷ್ಟು ದುಡ್ಡು ಕಟ್ ಆಗುತ್ತೆ. ಕಾರ್ಡಿದೆ, ಕಾನೂನಿದೆ, ಫಲಕದಲ್ಲಿ ಬನ್ನಿ ಅಂತ ಬರೆದಿದೆ. ಆದರೂ ಒಳಗೆ ಬಿಡಲ್ಲ ಅಂದ್ರೆ?

ಅವತ್ತು ರಾತ್ರಿ ಅಮ್ಮನ ಹತ್ರ ಮಾತಾಡ್ತಾ ಹೇಳಿದೆ. "ಅಲ್ಲ ಕಣೋ, ಅಷ್ಟು ದೊಡ್ಡ ದೇಶದಲ್ಲಿ ಒಬ್ಬ ಡಾಕ್ಟ್ರಿಗೆ ಬರ ಬಂತಾ? ನಮ್ಮೂರಿಗೇ ಕರ್ಕೊಂಡು ಬಾ, ನಮ್ಮ ಡಾಕ್ಟ್ರಿಗೆ ತೋರಿಸೋಣ" ಅಂದರು.

ನಮ್ಮೂರು ಅರಸೀಕೆರೆ ಕಡೆ. ಅಮ್ಮ ಹೇಳೋ ಡಾಕ್ಟ್ರು ನನಗೆ ಪೋಲಿಯೋ ಹನಿ ಹಾಕಿದೋರು, ಎಸೆಸ್ಸೆಲ್ಸಿ ಪರೀಕ್ಷೆ ಹಿಂದಿನ ದಿನ ಜ್ವರ ಬಂದಾಗ ಮನೆಗೇ ಬಂದು ಸೂಜಿ ಚುಚ್ಚಿದೋರು. ಅವರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟು ಅನ್ನೋದೇ ಇಲ್ಲ, ಬೆಂಚಿದೆ. ಬೆಂಚಿನ ತುದಿಯಿಂದ ಜರುಗುತ್ತಾ ಜರುಗುತ್ತಾ ಒಳಗೆ ಹೋಗೋದು. ಅಪ್ಪ ಒಳಗೆ ಹೋದರೆ ಮೊದಲ ಪ್ರಶ್ನೆ ಬಿಪಿದಲ್ಲ, "ತೆಂಗಿಗೆ ನೀರು ಸಾಲ್ತಾ ಇದೆಯೇನಯ್ಯಾ?" ಅಂತ. ಅದಕ್ಕೆ ಅಪ್ಪ ಉತ್ತರ ಹೇಳೋ ಧಾಟಿಯಲ್ಲೇ ಅರ್ಧ ಬಿಪಿ ಗೊತ್ತಾಗ್ತಿತ್ತೋ ಏನೋ.

ಆದರೆ ಹಳೇದೆಲ್ಲಾ ಬಂಗಾರ ಅಂತ ಹೇಳೋಕೆ ಈ ಪೋಸ್ಟ್ ಬರೀತಾ ಇಲ್ಲ. ಆ ಡಾಕ್ಟ್ರಿಗೆ ಕೊಡೋ ಫೀಸು, ಹೊರಗಡೆ ಮೆಡಿಕಲ್ ಸ್ಟೋರಿನ ಬಿಲ್ಲು, ಲ್ಯಾಬಿನ ಬಿಲ್ಲು ಎಲ್ಲಾ ಅಪ್ಪನ ಜೇಬಿಂದಲೇ. ನಮ್ಮಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡು ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಅದು ಆಸ್ಪತ್ರೆಯ ದೊಡ್ಡ ಚಿಕಿತ್ಸೆಗೆ. ಬೀದಿ ಮೂಲೆಯ ಖಾಸಗಿ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿಸೋಕೆ ಆ ಕಾರ್ಡು ನಡೆಯಲ್ಲ. ಬೆಂಗಳೂರಲ್ಲಿ ನನ್ನ ಕಂಪನಿ ಕೊಟ್ಟಿದ್ದ ಇನ್ಶೂರೆನ್ಸೂ ಅಷ್ಟೇ, ಅಡ್ಮಿಟ್ ಆದರೆ ಮಾತ್ರ. ಇಎಸ್ಐ ಇದ್ದವರಿಗೆ ಡಿಸ್ಪೆನ್ಸರಿ ಇದೆ, ಅದಕ್ಕೆ ಸಂಬಳದ ಮಿತಿ ಇದೆ. ಒಟ್ಟಿನಲ್ಲಿ ಊರಲ್ಲಿ ಡಾಕ್ಟ್ರು ಇದ್ದರು, ಕಾರ್ಡು ಇರಲಿಲ್ಲ. ಇಲ್ಲಿ ಕಾರ್ಡು ಇತ್ತು, ಡಾಕ್ಟ್ರು ಇರಲಿಲ್ಲ.

ಸಿಟ್ಟು ಇಳಿದ ಮೇಲೆ ಯಾಕೆ ಹೀಗೆ ಅಂತ ಓದಿ ತಿಳಕೊಂಡೆ. ರಿಸೆಪ್ಷನ್ನಿನ ಆಕೆಯ ಮೇಲೆ ಉರಿಯೋದರಲ್ಲಿ ಅರ್ಥ ಇಲ್ಲ ಅನ್ನಿಸ್ತು. ಕಾಸೆಯ ಪೇಷೆಂಟಿಗೆ ಡಾಕ್ಟ್ರಿಗೆ ದುಡ್ಡು ಸಿಗೋದು ಮೂರು ತಿಂಗಳ ಲೆಕ್ಕದಲ್ಲಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದಕ್ಕೆ ಹೊಸ ಕ್ವಾರ್ಟರ್ ಶುರು. ಕ್ವಾರ್ಟರಿನಲ್ಲಿ ಮೊದಲ ಸಲ ಹೋದಾಗ ಕಾರ್ಡು ಉಜ್ಜುತ್ತಾರೆ, ಅದರ ಮೇಲೆ ತಲೆಗಿಷ್ಟು ಅಂತ ಒಂದು ಮೊತ್ತ. ಆಮೇಲೆ ಪೇಷೆಂಟು ಅದೇ ಕ್ವಾರ್ಟರಿನಲ್ಲಿ ನಾಲ್ಕು ಸಲ ಬಂದರೂ ಆ ಮೊತ್ತ ನಾಲ್ಕು ಪಟ್ಟು ಆಗಲ್ಲ. ಅದರ ಮೇಲೆ ಇಡೀ ಕ್ಲಿನಿಕ್ಕಿಗೆ ಒಂದು ಬಜೆಟ್ ಮಿತಿ ಬೇರೆ ಇತ್ತು. ಮಿತಿ ದಾಟಿದರೆ ನೋಡಿದ್ದಕ್ಕೆಲ್ಲಾ ಪೂರ್ತಿ ದುಡ್ಡು ಬರುತ್ತೆ ಅನ್ನೋ ಖಾತ್ರಿ ಇರಲಿಲ್ಲ. ಪ್ರೈವೇಟ್ ಪೇಷೆಂಟಾದರೆ ಮಾಡಿದ ಒಂದೊಂದು ಕೆಲಸಕ್ಕೂ ಬಿಲ್ಲು, ಅದೂ ಪಟ್ಟಿಯಲ್ಲಿರೋ ದರದ 2.3 ಪಟ್ಟು ಹಾಕೋದು ಮಾಮೂಲಿ. ಈಗ ಹೇಳಿ, ಗುರುವಾರ ಯಾರಿಗೆ, ಫೆಬ್ರವರಿ ಯಾರಿಗೆ? ಫ್ಯಾಮಿಲಿ ಡಾಕ್ಟ್ರುಗಳ ಈ ಬಜೆಟ್ ಮಿತಿಯನ್ನ ತೆಗೆಯೋ ಕಾನೂನು 2025ರ ಶುರುವಿನಲ್ಲಿ ಪಾಸಾಗಿ, ಅದೇ ವರ್ಷ ಅಕ್ಟೋಬರ್ ಒಂದರಿಂದ ಜಾರಿಗೆ ಬಂತು.

ಇನ್ನೊಂದು ಕಾರಣ ವಯಸ್ಸು. ಇಲ್ಲಿನ ಹಳೇ ಡಾಕ್ಟ್ರುಗಳು ಒಬ್ಬೊಬ್ಬರೇ ರಿಟೈರ್ ಆಗ್ತಾ ಇದ್ದಾರೆ, ಆ ಕುರ್ಚಿಗೆ ಸಾಕಷ್ಟು ಹೊಸಬರು ಬರ್ತಾ ಇಲ್ಲ. 2035ಕ್ಕೆ ಸುಮಾರು 11,000 ಫ್ಯಾಮಿಲಿ ಡಾಕ್ಟ್ರುಗಳ ಜಾಗ ಖಾಲಿ ಇರುತ್ತೆ ಅಂತ ರಾಬರ್ಟ್ ಬಾಷ್ ಪ್ರತಿಷ್ಠಾನ 2021ರಲ್ಲೇ ಅಂದಾಜು ಹೇಳಿತ್ತು. ಬಾಷ್ ಅಂದರೆ ಅದೇ, ನಮ್ಮ ಆಡುಗೋಡಿಯವರು ಮೈಕೋ ಅಂತ ಕರೀತಿದ್ದ ಕಂಪನಿಯ ಹಿಂದಿರೋ ಹೆಸರು. ಅದರ ಮೂಲ ಊರು ಇದೇ ಸ್ಟುಟ್‌ಗಾರ್ಟು.

ಕಾರಣ ತಿಳೀತು, ಮಾತ್ರೆ ಬರಲಿಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಡಬ್ಬಿಯಲ್ಲಿ ಇಪ್ಪತ್ತಕ್ಕೆ ಸ್ವಲ್ಪ ಹೆಚ್ಚು ಉಳಿದಿದ್ದವು.

ಇಲ್ಲಿನ ಕನ್ನಡ ಗೆಳೆಯರು ಸಹಾಯಕ್ಕೆ ಬಂದರು. ಪ್ರತಿಯೊಬ್ಬರದ್ದೂ ಒಂದೇ ಸಲಹೆ. "ಡಾಕ್ಟ್ರು ಯಾಕ್ರೀ ಬೇಕು? ಮುಂದಿನ ವಾರ ನಮ್ಮ ಭಾವ ಬರ್ತಿದ್ದಾರೆ, ಮೂರು ಡಬ್ಬಿ ತರಿಸಿಬಿಡಿ." ಅವರ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿ ನಮ್ಮವರ ಬಹಳ ಮನೆಗಳಲ್ಲಿ ಒಂದು ಸೂಟ್‌ಕೇಸ್ ಔಷಧಿ ಅಂಗಡಿ ಇರುತ್ತೆ. ಜ್ವರಕ್ಕೆ, ಗ್ಯಾಸಿಗೆ, ಅಲರ್ಜಿಗೆ, ಬಿಪಿಗೆ, ಎಲ್ಲಾ ಊರಿಂದ. ವರ್ಷಗಟ್ಟಲೆ ಅದರಲ್ಲೇ ಸಾಗುತ್ತೆ. ಕಾರ್ಡು ಪರ್ಸಿನಲ್ಲಿ ಹೊಸದಾಗೇ ಇರುತ್ತೆ.

ನನ್ನಾಕೆ ಮಾತ್ರ ಒಪ್ಪಲಿಲ್ಲ. "ಮಾತ್ರೆ ಬರುತ್ತೆ ಕಣೋ, ಸರಿ. ಅದು ನನಗೆ ಸಾಕಾಗ್ತಿದೆಯಾ ಅಂತ ನೋಡೋರು ಯಾರು? ಅವರ ಭಾವನಾ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಕೊನೇ ಸಲ ರಕ್ತ ಪರೀಕ್ಷೆ ಆಗಿದ್ದು ಬೆಂಗಳೂರಲ್ಲಿ, ಮೇ ತಿಂಗಳಲ್ಲಿ.

ದಾರಿ ತೋರಿಸಿದ್ದು ಕೆಳಗಿನ ಮನೆಯ ಅಜ್ಜಿ. ವಯಸ್ಸು ಎಂಬತ್ತರ ಹತ್ರ, ಒಬ್ಬರೇ ಇದ್ದಾರೆ. ಮೆಟ್ಟಿಲು ಗುಡಿಸೋ ಸರದಿ ತಪ್ಪಿಸಿದರೆ ಬಾಗಿಲು ತಟ್ಟಿ ನೆನಪಿಸೋರು. ಅವತ್ತು ಕಸದ ಡಬ್ಬ ಹೊರಗಿಡುವಾಗ ಸಿಕ್ಕರು. ಡಾಕ್ಟ್ರು ಹುಡುಕ್ತಾ ಇದ್ದೀವಿ ಅಂದೆ. ನಿಧಾನವಾಗಿ, ನಮಗೆ ಅರ್ಥ ಆಗೋ ಹಾಗೆ, ಬೆರಳು ಮಡಚಿ ಹೇಳಿದರು. ಒಂದು, ಫೋನ್ ಮಾಡಬೇಡಿ, ಫೋನಿನಲ್ಲಿ ಇಲ್ಲ ಅನ್ನೋದು ಸುಲಭ. ಎರಡು, ಕ್ವಾರ್ಟರ್ ಶುರುವಾಗೋ ದಿನ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ನಿಲ್ಲಿ. ಮೂರು, ನನ್ನ ಹಳೇ ಡಾಕ್ಟ್ರು ರಿಟೈರ್ ಆದರು, ಅವರ ಜಾಗಕ್ಕೆ ಹೊಸಬರು ಬಂದಿದ್ದಾರೆ, ಅಲ್ಲಿಗೇ ಹೋಗಿ, ನನ್ನ ಹೆಸರು ಹೇಳಿ. ಆ ಕ್ಲಿನಿಕ್ಕು ಪಕ್ಕದ ಹಳ್ಳಿಯಲ್ಲಿ, ಬಸ್ಸಲ್ಲಿ ಇಪ್ಪತ್ತು ನಿಮಿಷ. ನನ್ನ ಹದಿನೇಳರ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಇಂಟರ್ನೆಟ್ಟಿನಲ್ಲಿ ಇನ್ನೂ ಹಳೇ ಡಾಕ್ಟರ ಹೆಸರೇ ಇತ್ತು, "ಮುಚ್ಚಿದೆ" ಅಂತ.

ಅಕ್ಟೋಬರ್ ಒಂದು, ಬುಧವಾರ. ಬುಧವಾರ ಮಧ್ಯಾಹ್ನದ ಮೇಲೆ ಇಲ್ಲಿ ಸುಮಾರು ಕ್ಲಿನಿಕ್ಕುಗಳು ಮುಚ್ಚಿರುತ್ತವೆ, ಹಾಗಾಗಿ ಬೆಳಿಗ್ಗೆಯೇ ಹೊರಟೆವು. ಅವತ್ತು ಡಬ್ಬಿಯಲ್ಲಿ ಎಂಟು ಮಾತ್ರೆ. ರಕ್ತ ತೆಗೆಯಬಹುದು ಅಂತ ಅವಳು ಬೆಳಗಿನ ಮಾತ್ರೆ ತೊಗೊಳದೆ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ನಮಗಿಂತ ಮುಂದೆ ಐದು ಜನ ನಿಂತಿದ್ದರು. ಕೌಂಟರಿನಲ್ಲಿ ನನ್ನ ಚೀಟಿ ತೆಗೆದೆ. ಅವಳು ಅದನ್ನ ಪಕ್ಕಕ್ಕೆ ಸರಿಸಿ, ತಾನೇ ಕಲಿತಿದ್ದ ಜರ್ಮನ್ನಿನಲ್ಲಿ ಮೂರೇ ವಾಕ್ಯ ಹೇಳಿದಳು. ನಾನು ಕೆಳಗಿನ ಮನೆ ಅಜ್ಜಿ ಕಡೆಯೋಳು. ನನಗೆ ಥೈರಾಯ್ಡ್ ಇದೆ. ನನ್ನ ಹತ್ರ ಎಂಟು ಮಾತ್ರೆ ಇದೆ. ಡಬ್ಬಿಯನ್ನ ಕೌಂಟರಿನ ಮೇಲೆ ಇಟ್ಟು ಒಮ್ಮೆ ಅಲ್ಲಾಡಿಸಿದಳು.

ಆಕೆ ಡಬ್ಬಿ ನೋಡಿದರು, ಅವಳ ಮುಖ ನೋಡಿದರು, ಕಾರ್ಡು ಕೊಡಿ ಅಂದರು. ಉಜ್ಜಿದರು. ನಾಲ್ಕು ಪುಟದ ಫಾರ್ಮ್ ಕೊಟ್ಟರು. ಕಾಯೋ ಕೋಣೆಯಲ್ಲಿ ಕೂತ್ಕೊಳ್ಳಿ ಅಂದರು. ಅಷ್ಟೇ! ಎರಡು ತಿಂಗಳಿಂದ ಮುಚ್ಚಿದ್ದ ಬಾಗಿಲು ಎರಡು ನಿಮಿಷದಲ್ಲಿ ತೆಗೀತು.

ಕಾಯೋ ಕೋಣೆಗೆ ಯಾರು ಬಂದರೂ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳ್ತಾರೆ, ಹೋಗುವಾಗಲೂ ಹೇಳ್ತಾರೆ. ಬೇರೆ ಕಡೆ ಮುಖ ಎತ್ತಿ ನೋಡದ ಜನ ಕಾಯಿಲೆ ಬಿದ್ದಾಗ ಮಾತ್ರ ನೆಂಟರ ಹಾಗಾಗ್ತಾರೆ ಅನ್ನಿಸ್ತು :) ಒಂದೂವರೆ ಗಂಟೆ ಕಾದ ಮೇಲೆ ಡಾಕ್ಟ್ರಮ್ಮನೇ ಬಾಗಿಲಿಗೆ ಬಂದು ಅವಳ ಹೆಸರು ಕೂಗಿದರು. ಹೆಸರು ಅವರ ಬಾಯಲ್ಲಿ ಮೂರು ತುಂಡಾಗಿ ಬಂತು. ಸರಿಯಾಗಿ ಹೇಗೆ ಹೇಳೋದು ಅಂತ ಕೇಳಿ, ಫೈಲಿನಲ್ಲಿ ಅದರ ಪಕ್ಕ ಏನೋ ಬರೆದುಕೊಂಡರು.

ಬೆಂಗಳೂರಿನ ರಿಪೋರ್ಟುಗಳನ್ನ ಕೊಟ್ಟೆವು, ಇಂಗ್ಲಿಷಿನಲ್ಲಿದ್ದದ್ದು ಒಳ್ಳೇದಾಯ್ತು. ಒಂದೊಂದೇ ಹಾಳೆ ತಿರುವಿ ಹಾಕ್ತಾ ಇದ್ದೋರು ಒಂದು ಹಾಳೆಗೆ ಬಂದು ನಿಂತರು. ಅದು ಜನವರಿಯ ಸ್ಕ್ಯಾನ್ ರಿಪೋರ್ಟು. ನಾವಾಗಿ ಆ ವಿಷಯ ಎತ್ತಿರಲಿಲ್ಲ. ಅವರು ಕನ್ನಡಕ ತೆಗೆದಿಟ್ಟು, ಇಂಗ್ಲಿಷಿನಲ್ಲಿ, ಇದರಿಂದ ನೀವು ಹೇಗಿದ್ದೀರ ಅಂತ ಅವಳನ್ನ ಕೇಳಿದರು. ಅವಳು ಎಂಟು ತಿಂಗಳಿಂದ ಯಾರ ಮುಂದೆಯೂ ಅತ್ತಿರಲಿಲ್ಲ. ಅಲ್ಲಿ ಅತ್ತಳು. ಅವರು ಗಡಿಯಾರ ನೋಡಲಿಲ್ಲ. ಕಾಗದದ ಟವೆಲ್ ಕೊಟ್ಟರು, ಕಾದರು. ಹೊರಗೆ ಇನ್ನೂ ಹತ್ತು ಜನ ಕೂತಿದ್ದರು ಅನ್ನೋದು ನೆನಪಿರಲಿ.

ಆಮೇಲೆ ಮತ್ತೆ ಮಗು ಬೇಕು ಅಂತ ಯೋಚನೆ ಇದೆಯಾ ಅಂತ ಕೇಳಿದರು. ಇದೆ ಅಂದಳು. ಹಾಗಿದ್ದರೆ ಮೊದಲು ಟಿಎಸ್ಎಚ್ ನೋಡೋಣ, ಅದು 2.5ರ ಒಳಗೆ ಬಂದರೆ ಒಳ್ಳೇದು, ಗರ್ಭ ನಿಂತಿದ್ದು ಗೊತ್ತಾದ ತಕ್ಷಣ ಇಲ್ಲಿಗೆ ಬನ್ನಿ, ಯಾಕಂದ್ರೆ ಆಗ ದೇಹಕ್ಕೆ ಈ ಹಾರ್ಮೋನು ಹೆಚ್ಚು ಬೇಕಾಗುತ್ತೆ, ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗುತ್ತೆ ಅಂದರು. ರಕ್ತ ಅಲ್ಲೇ ತೆಗೆದರು. ಔಷಧಿ ಚೀಟಿ ಕಾಗದದಲ್ಲಿ ಕೊಡಲಿಲ್ಲ. 2024ರಿಂದ ಇಲ್ಲಿ ಅದು ಎಲೆಕ್ಟ್ರಾನಿಕ್. ಔಷಧಿ ಅಂಗಡಿಯಲ್ಲಿ ಅದೇ ಕಾರ್ಡು ಮೆಷಿನ್ನಿಗೆ ಹಾಕಿದರೆ ಅವರ ಸ್ಕ್ರೀನಿನಲ್ಲಿ ಬರುತ್ತೆ. ಡಾಕ್ಟ್ರಿಗೆ ನಾವು ಕೊಟ್ಟಿದ್ದು ಸೊನ್ನೆ, ರಕ್ತ ಪರೀಕ್ಷೆಗೆ ಸೊನ್ನೆ, ಮಾತ್ರೆಗೆ 5 ಯೂರೋ.

ಮುಂದಿನ ಸೋಮವಾರ ಕ್ಲಿನಿಕ್ಕಿನಿಂದ ಫೋನು ಬಂತು. ಟಿಎಸ್ಎಚ್ 6ರ ಮೇಲಿದೆ, ಈಗಿನ ಮಾತ್ರೆ ಸಾಕಾಗ್ತಿಲ್ಲ, 50ರ ಬದಲು 75 ತೊಗೊಳ್ಳಿ, ಹೊಸ ಚೀಟಿ ಕಾರ್ಡಿಗೆ ಹಾಕಿದ್ದೀವಿ, ಎಂಟು ವಾರಕ್ಕೆ ಮತ್ತೆ ರಕ್ತ ಕೊಡಿ ಅಂತ.

ಫೋನಿಟ್ಟು ಇಬ್ಬರೂ ಸುಮ್ಮನೆ ಕೂತಿದ್ವಿ. ಯಾರದೋ ಭಾವ ತರೋ ಮೂರು ಡಬ್ಬಿಯಲ್ಲೂ 50ರ ಮಾತ್ರೆಯೇ ಇರ್ತಿತ್ತು. ಮೂರು ಡಬ್ಬಿ ಅಂದರೆ ಹತ್ತು ತಿಂಗಳು. ದಿನಾ ತಪ್ಪದೆ, ಖಾಲಿ ಹೊಟ್ಟೆಯಲ್ಲಿ, ಸಾಲದ ಮಾತ್ರೆಯನ್ನ ಶ್ರದ್ಧೆಯಿಂದ ತೊಗೊಳ್ತಾ ಇರ್ತಿದ್ದಳು. ಯಾರಿಗೂ ಗೊತ್ತಾಗ್ತಿರಲಿಲ್ಲ. ಅವಳೇ ಮೊದಲು ಮಾತಾಡಿದ್ದು. "ಮಾತ್ರೆ ಹುಡುಕ್ತಾ ಇದ್ದೀವಿ ಅಂದ್ಕೊಂಡಿದ್ದೆ. ನಾವು ಹುಡುಕ್ತಾ ಇದ್ದಿದ್ದು ನೋಡೋರನ್ನ" ಅಂದಳು.

ಈ ಪೋಸ್ಟಿನಲ್ಲಿ ನಾನು ಹೇಳಬೇಕು ಅಂದುಕೊಂಡಿದ್ದೂ ಅದೇ. ಇನ್ಶೂರೆನ್ಸ್ ಕಾರ್ಡು ದುಡ್ಡು ಕೊಡುತ್ತೆ. ನಾವು ಏನು ಕೇಳ್ತೀವೋ ಅದಕ್ಕೆ ಕೊಡುತ್ತೆ. ನಾವು ಕೇಳದೇ ಇರೋದನ್ನ ಕಂಡುಹಿಡಿದು ಕೇಳೋದಕ್ಕೆ ಒಬ್ಬ ಮನುಷ್ಯ ಬೇಕು. ಅಪ್ಪನ ತೆಂಗಿನ ಮರದ ವಿಷಯ ಕೇಳೋ ಡಾಕ್ಟ್ರೂ ಅಷ್ಟೇ, ಸ್ಕ್ಯಾನ್ ರಿಪೋರ್ಟಿನ ಮೇಲೆ ಕಣ್ಣು ನಿಲ್ಲಿಸಿದ ಈ ಡಾಕ್ಟ್ರಮ್ಮನೂ ಅಷ್ಟೇ. ಫ್ಯಾಮಿಲಿ ಡಾಕ್ಟ್ರು ಅಂದರೆ ಯಾರು ಅಂತ ನನಗೆ ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಗೊತ್ತಿತ್ತು, ಆದರೆ ಅದು ಹುಡುಕಿಕೊಳ್ಳಬೇಕಾದ ಸಂಗತಿ ಅಂತ ಗೊತ್ತಾಗೋ ಪ್ರಸಂಗವೇ ಬಂದಿರಲಿಲ್ಲ. ಅಲ್ಲಿ ಅದು ಹುಟ್ಟಿನಿಂದಲೇ ಬಂದಿತ್ತು, ಮನೆದೇವರ ಹಾಗೆ.

ಇಲ್ಲಿಗೆ ಬರೋ ಗೆಳೆಯರಿಗೆ ನನಗೆ ಗೊತ್ತಾದ ನಾಲ್ಕು ಮಾತು:

1. ಕಾರ್ಡು ಕೈಗೆ ಬಂದ ವಾರವೇ ಡಾಕ್ಟ್ರನ್ನ ಹುಡುಕೋಕೆ ಶುರು ಮಾಡಿ, ಆರೋಗ್ಯವಾಗಿರುವಾಗಲೇ. ಜ್ವರ 102 ಇರುವಾಗ ಜರ್ಮನ್ ಮಾತಾಡೋದು ಕಷ್ಟ. ಜಾಗ ಇಲ್ಲ ಅಂತ ಹೇಳೋಕೆ ಡಾಕ್ಟ್ರಿಗೆ ಅವಕಾಶ ಇದೆ, ತುರ್ತು ಪರಿಸ್ಥಿತಿ ಇದ್ದರೆ ಮಾತ್ರ ನೋಡಲೇಬೇಕು.

2. 116117 ಅಂತ ಒಂದು ನಂಬರ್ ಇದೆ, ಫೋನೂ ಮಾಡಬಹುದು, ವೆಬ್‌ಸೈಟೂ ಇದೆ. ಅಪಾಯಿಂಟ್‌ಮೆಂಟ್ ಕೊಡಿಸೋದು ಅವರ ಕೆಲಸ. 2019ರ ಕಾನೂನಿನ ನಂತರ ಕಾಯಂ ಫ್ಯಾಮಿಲಿ ಡಾಕ್ಟ್ರು, ಮಕ್ಕಳ ಡಾಕ್ಟ್ರು ಹುಡುಕೋಕೂ ಸಹಾಯ ಮಾಡ್ತಾರೆ. ಪ್ರಾಣಕ್ಕೆ ಅಪಾಯ ಅನ್ನೋ ಹಾಗಿದ್ದರೆ ಮಾತ್ರ 112.

3. ರಿಟೈರ್ ಆದ ಡಾಕ್ಟರ ಜಾಗಕ್ಕೆ ಬಂದ ಹೊಸಬರು, ಹೊಸದಾಗಿ ಶುರುವಾದ ಕ್ಲಿನಿಕ್ಕು, ಇವನ್ನ ಹುಡುಕಿ. ಇಂಟರ್ನೆಟ್ಟಿಗಿಂತ ಅಕ್ಕಪಕ್ಕದ ಅಜ್ಜಿ ತಾತಂದಿರಿಗೆ ಚೆನ್ನಾಗಿ ಗೊತ್ತಿರುತ್ತೆ. ಮೆಟ್ಟಿಲು ಗುಡಿಸೋ ಸರದಿ ತಪ್ಪಿಸಬೇಡಿ :)

4. ಊರಿನ ರಿಪೋರ್ಟುಗಳನ್ನೆಲ್ಲಾ ತನ್ನಿ. ಮಾತ್ರೆಯ ಡಬ್ಬಿಯ ಮೇಲಿನ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗಲ್ಲ, ಒಳಗಿರೋ ಔಷಧಿಯ ಹೆಸರು, ಪ್ರಮಾಣ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. 2025ರಲ್ಲಿ ಬಂದ ಇಲ್ಲಿನ ಮೈತ್ರಿ ಸರ್ಕಾರ, ಹೆಚ್ಚಿನ ಸ್ಪೆಷಲಿಸ್ಟ್‌ಗಳ ಹತ್ರ ಫ್ಯಾಮಿಲಿ ಡಾಕ್ಟ್ರ ಮೂಲಕವೇ ಹೋಗಬೇಕು ಅನ್ನೋ ವ್ಯವಸ್ಥೆ ತರ್ತೀವಿ ಅಂತ ತಮ್ಮ ಒಪ್ಪಂದದಲ್ಲಿ ಬರೆದುಕೊಂಡಿದೆ. ಹಾಗಾದರೆ ಈ ಬಾಗಿಲಿನ ಬೆಲೆ ಇನ್ನೂ ಹೆಚ್ಚಾಗುತ್ತೆ. ಈಗಲೇ ಒಂದು ಕಾಲು ಒಳಗಿಟ್ಟಿರಿ.

ಎಂಟು ವಾರದ ಮೇಲಿನ ಪರೀಕ್ಷೆಯಲ್ಲಿ ನನ್ನಾಕೆಯ ಟಿಎಸ್ಎಚ್ 2.1ಕ್ಕೆ ಇಳಿದಿತ್ತು. ರಿಸೆಪ್ಷನ್ನಿನಾಕೆ ಈಗ ಅವಳ ಹೆಸರನ್ನ ಎರಡೇ ತುಂಡಿನಲ್ಲಿ ಹೇಳ್ತಾರೆ. ಕೆಳಗಿನ ಮನೆ ಅಜ್ಜಿಗೆ ಒಂದು ಡಬ್ಬಿ ರವೆ ಉಂಡೆ ಕೊಟ್ಟೆವು. ದ್ರಾಕ್ಷಿ ಗೋಡಂಬಿ ಎಲ್ಲಾ ಆರಿಸಿ ತಿಂದು, ಡಬ್ಬಿ ತೊಳೆದು, ಒಳಗೆ ಆರು ಸೇಬು ಇಟ್ಟು ವಾಪಸ್ ಕೊಟ್ಟರು.

ನೀವು ಅಮೆರಿಕಾದಲ್ಲೋ ಇಂಗ್ಲೆಂಡಿನಲ್ಲೋ ಕೆನಡಾದಲ್ಲೋ ಇದ್ದರೆ ನಿಮ್ಮ ಕಡೆ ಇದು ಹೇಗೆ ಅಂತ ಬರೀರಿ. ಬೆಂಗಳೂರಲ್ಲೇ ಇರೋರೂ ಬರೀರಿ, ನಿಮ್ಮ ಬಡಾವಣೆಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯೋ ಡಾಕ್ಟ್ರು ಇನ್ನೂ ಇದ್ದಾರಾ? ಇದ್ದರೆ ಒಂದು ಸಲ ಸುಮ್ಮನೆ ಹೋಗಿ ಮಾತಾಡಿಸಿಕೊಂಡು ಬನ್ನಿ.